ಅಟ್ಟದ ಟ್ರಂಕಿನಿಂದ ಸಂಗ್ರಹಕಾರರ ಗುಂಪಿನವರೆಗೆ: ಹಳೆಯ ಸ್ಕೌಟ್ ಬ್ಯಾಡ್ಜ್ ಸಿಕ್ಕಾಗ ಯಾವ ಕೆಲಸ ಮೊದಲು, ಯಾವುದು ಆಮೇಲೆ

ನವೆಂಬರ್-ಡಿಸೆಂಬರಿನಲ್ಲಿ ಬರುವ ನಮ್ಮ ಕೊಡಗಿನ ಸುಗ್ಗಿ ಹಬ್ಬ ಹುತ್ತರಿಗೆ ಮನೆ ಗುಡಿಸಿ ಸುಣ್ಣ ಬಳಿಯುವ ಹೊತ್ತಿಗೆ ಪ್ರತಿ ವರ್ಷವೂ ನನ್ನ ಫೋನಿಗೆ ಒಂದೇ ತರದ ಫೋಟೋಗಳು ಬರುತ್ತವೆ. ಅಜ್ಜನ ಸ್ಕೌಟ್ ಸ್ಕಾರ್ಫನ್ನು ಸೋಪಿನ ಪುಡಿಯಲ್ಲಿ ನೆನೆಸಿ, ಉಜ್ಜಿ, ಇಸ್ತ್ರಿ ಹಾಕಿ, ಹಾಸಿಗೆ ಮೇಲೆ ಹರಡಿ ತೆಗೆದ ಫೋಟೋ. ಹಿತ್ತಾಳೆ ಬ್ಯಾಡ್ಜನ್ನು ಹುಣಸೆಹಣ್ಣು ಹಾಕಿ ತಿಕ್ಕಿ ಫಳಫಳ ಮಾಡಿದ ಫೋಟೋ. ಕೆಳಗೆ ಒಂದು ಸಾಲು: "ಸಾರ್, ಇದಕ್ಕೆ ಎಷ್ಟು ಸಿಗಬಹುದು?" ಅಷ್ಟರಲ್ಲಿ ಅದೇ ಫೋಟೋ ನಾಲ್ಕೈದು ವಾಟ್ಸಾಪ್, ಫೇಸ್‌ಬುಕ್ ಗುಂಪುಗಳಿಗೂ ಹೋಗಿರುತ್ತದೆ. ಯಾರೋ ಒಬ್ಬರು "ಮೊದಲು ಕಳಿಸಿ, ಆಮೇಲೆ ದುಡ್ಡು ಹಾಕ್ತೀನಿ" ಅಂದಿರುತ್ತಾರೆ, ಇವರು ಕಳಿಸಿಯೂ ಆಗಿರುತ್ತದೆ.

ಇಲ್ಲಿ ತಪ್ಪಿರುವುದು ಕ್ರಮ. ಕೊನೆಗೆ ಮಾಡಬೇಕಾದ್ದನ್ನು ಮೊದಲು ಮಾಡುತ್ತಾರೆ. ಹಾಗಾಗಿ ಹಂತ ಹಂತವಾಗಿ ಬರೆದಿದ್ದೇನೆ. ದಯವಿಟ್ಟು ಹಾರಿಸಿ ಓದಬೇಡಿ, ಮುಖ್ಯವಾಗಿ ಮೊದಲ ಮೂರು ಹಂತಗಳನ್ನು.

ಬೇಕಾಗುವ ಸಾಮಾನು

ಹೆಚ್ಚೇನೂ ಬೇಡ. ಮೆದು ಕೂದಲಿನ ಪೇಂಟ್ ಬ್ರಷ್ ಒಂದು, ಭೂತಗನ್ನಡಿ ಒಂದು, ಸ್ಕೇಲು, ಪೆನ್ಸಿಲ್, ಗಟ್ಟಿ ರಟ್ಟಿನ ನೋಟ್‌ಬುಕ್. ತೇವಾಂಶ ತೋರಿಸುವ ಸಣ್ಣ ಡಿಜಿಟಲ್ ಮೀಟರ್ ಆನ್‌ಲೈನಿನಲ್ಲಿ ಕಡಿಮೆ ಬೆಲೆಗೇ ಸಿಗುತ್ತದೆ. ನಮ್ಮ ಕೊಡಗಿನಲ್ಲಿ ಇದೊಂದು ಇಲ್ಲದೆ ಈ ಕೆಲಸಕ್ಕೆ ಇಳಿಯಲೇಬೇಡಿ ಅಂತೀನಿ. ತೇವ ಹೀರುವ ಸಿಲಿಕಾ ಜೆಲ್, ರಬ್ಬರ್ ಅಂಚಿನ ಗಟ್ಟಿ ಮುಚ್ಚಳದ ಡಬ್ಬಿ, ಹಲವು ಸಲ ಒಗೆದು ಮೆತ್ತಗಾದ ಬಿಳಿ ಪಂಚೆ, ಒಂದು ಎನ್-95 ಮಾಸ್ಕ್. ನೋಟು ಪರೀಕ್ಷೆ ಮಾಡಲು ಅಂಗಡಿಯವರು ಇಟ್ಟುಕೊಳ್ಳುವ ನೇರಳೆ ಬೆಳಕಿನ ಟಾರ್ಚ್ ಇದ್ದರೆ ಇನ್ನೂ ಒಳ್ಳೆಯದು.

ಫೆವಿಕಾಲ್, ಸೆಲ್ಲೋಟೇಪ್, ಲ್ಯಾಮಿನೇಷನ್, ಬ್ರಾಸೋ, ಸೋಪಿನ ಪುಡಿ, ನುಸಿಗುಳಿಗೆ: ಇವನ್ನು ಆ ಕೋಣೆಗೇ ತರಬೇಡಿ.

ಹಂತ 1: ಏನನ್ನೂ ಅಲುಗಾಡಿಸದೆ ಫೋಟೋ ತೆಗೆಯಿರಿ, ಬರೆದಿಡಿ

ಟ್ರಂಕು ತೆರೆದ ಕೂಡಲೇ, ಒಳಗಿನದು ಹೇಗಿದೆಯೋ ಹಾಗೇ ಒಂದು ಫೋಟೋ. ಮೇಲಿನ ಪದರ ತೆಗೆದ ಮೇಲೆ ಮತ್ತೊಂದು. ಇದೆಲ್ಲ ಯಾಕೆ ಅಂದರೆ, ಯಾವ ಬ್ಯಾಡ್ಜ್ ಯಾವ ಕಾಗದದ ಜೊತೆ ಇತ್ತು ಅನ್ನುವುದೇ ಎಷ್ಟೋ ಸಲ ಅದರ ವಯಸ್ಸನ್ನು ಹೇಳುವ ಏಕೈಕ ಸಾಕ್ಷಿ. ಶಿಬಿರದ ಸರ್ಟಿಫಿಕೇಟಿನ ಮಡಿಕೆಯೊಳಗೆ ಒಂದು ಬಟ್ಟೆ ಬ್ಯಾಡ್ಜ್ ಇದ್ದರೆ ಎರಡೂ ಒಂದೇ ಶಿಬಿರದವು ಆಗಿರಬಹುದು. ನೀವು ಬ್ಯಾಡ್ಜುಗಳನ್ನೆಲ್ಲ ಒಂದು ತಟ್ಟೆಗೆ, ಕಾಗದಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿದಿರಿ ಅಂದರೆ ಆ ನಂಟು ಹೋಯಿತು. ಮತ್ತೆ ಯಾರಿಂದಲೂ ಕೂಡಿಸಲು ಆಗುವುದಿಲ್ಲ.

ಆಮೇಲೆ ಮನೆಯ ಹಿರಿಯರ ಹತ್ತಿರ ಕೂತು ಕೇಳಿ. ಅಜ್ಜ ಯಾವ ಶಾಲೆಯಲ್ಲಿ ಓದಿದ್ದು, ಯಾವ ವರ್ಷ ಸ್ಕೌಟಿಗೆ ಸೇರಿದ್ದು, ಯಾವ ಊರಿಗೆ ಶಿಬಿರಕ್ಕೆ ಹೋಗಿದ್ದು. ವರ್ಷ ನೆನಪಿಲ್ಲದಿದ್ದರೆ "ದೊಡ್ಡ ಚಿಕ್ಕಪ್ಪ ಹುಟ್ಟಿದ್ದಕ್ಕೆ ಮೊದಲಾ, ಆಮೇಲಾ?" ಅಂತ ಕೇಳಿ ನೋಡಿ, ಆಗ ನೆನಪು ಬರುತ್ತದೆ. ಕೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. ಕೊಡವ ತಕ್ಕೋ ಅರೆಭಾಷೆಯೋ, ಅವರು ಹೇಳಿದ ಹಾಗೆ. ನಾನು ಇದನ್ನು ಮಾಡಲಿಲ್ಲ. ನಮ್ಮ ಮಾವನ ಟ್ರಂಕಿನಲ್ಲಿ ಸಿಕ್ಕ ಒಂದು ಹಸಿರು ಸ್ಕಾರ್ಫ್ ಯಾವ ಟ್ರೂಪಿನದು, ಅಂದರೆ ಯಾವ ಸ್ಕೌಟ್ ದಳದ್ದು, ಅಂತ ಮುಂದಿನ ರಜೆಗೆ ಬಂದಾಗ ಕೇಳಿದರಾಯಿತು ಅಂದುಕೊಂಡೆ. ಆ ರಜೆಗೆ ಮೊದಲೇ ಅವರು ತೀರಿಕೊಂಡರು. ಸ್ಕಾರ್ಫ್ ಇವತ್ತಿಗೂ ನನ್ನ ಹತ್ತಿರ ಇದೆ, ಯಾವ ಟ್ರೂಪಿನದು ಅಂತ ಗೊತ್ತಿಲ್ಲ.

ಪ್ರತಿ ವಸ್ತುವಿಗೂ ಒಂದು ನಂಬರ್ ಕೊಡಿ. ನಂಬರನ್ನು ವಸ್ತುವಿನ ಮೇಲೆ ಬರೆಯಬೇಡಿ. ಸಣ್ಣ ಕಾಗದದ ಚೀಟಿಯಲ್ಲಿ ಪೆನ್ಸಿಲಿನಿಂದ ಬರೆದು ಪಕ್ಕದಲ್ಲಿಡಿ. ಬಾಲ್‌ಪೆನ್ನಿನ ಇಂಕು ನಮ್ಮ ಮಳೆಗಾಲದ ತೇವಕ್ಕೆ ಹರಡಿ ಬಟ್ಟೆಗೆ ಹತ್ತುತ್ತದೆ.

ಎಸೆಯುವ ಮುನ್ನ ಒಂದು ನಿಮಿಷ. ಚರ್ಮದ ದಾರಕ್ಕೆ ಪೋಣಿಸಿದ ಎರಡು ಮರದ ಮಣಿ ಸಿಕ್ಕರೆ ಅದು ಮಕ್ಕಳ ಆಟದ ಸಾಮಾನಲ್ಲ. ಸ್ಕೌಟ್ ಮಾಸ್ಟರುಗಳು ಉನ್ನತ ತರಬೇತಿ ಮುಗಿಸಿದಾಗ ಸಿಗುವ ವುಡ್ ಬ್ಯಾಡ್ಜ್ ಅದು, ನಮ್ಮಲ್ಲಿ ಹಿಮಾಲಯ ವುಡ್ ಬ್ಯಾಡ್ಜ್ ಅನ್ನುತ್ತಾರೆ. ಅದರ ಜೊತೆಗಿನ ಸ್ಕಾರ್ಫಿನ ಹಿಂಭಾಗದ ಮೂಲೆಯಲ್ಲಿ ಚೌಕಳಿ ಬಟ್ಟೆಯ ಸಣ್ಣ ತುಂಡು ಹೊಲಿದಿರುತ್ತದೆ. ಹರಿದ ಸ್ಕಾರ್ಫಿಗೆ ಹಾಕಿದ ತೇಪೆ ಅಂತ ತಿಳಿದು ಅದನ್ನು ಬಿಚ್ಚಿದವರೂ ಇದ್ದಾರೆ. ಸ್ಕಾರ್ಫ್ ಹಿಡಿದಿಡುವ ಚರ್ಮದ ಉಂಗುರ (ವಾಗಲ್), ಸೀಟಿ ಕಟ್ಟುವ ಹಗ್ಗ (ಲ್ಯಾನ್ಯಾರ್ಡ್), ಬೆಲ್ಟಿನ ಬಕಲ್, ಲಾಗ್ ಬುಕ್, ಶಿಬಿರದ ಊಟದ ಟೋಕನ್ ಕೂಡ ಸಂಗ್ರಹದ ವಸ್ತುಗಳೇ.

ಹಂತ 2: ಮೊದಲು ಒಣಗಿಸಿ, ಆಮೇಲೆ ಬೂಸ್ಟು ಮತ್ತು ಹುಳ

ಈ ಕೆಲಸಕ್ಕೆ ಸರಿಯಾದ ಕಾಲ ಕಾಫಿ ಕೊಯ್ಲಿನ ತಿಂಗಳುಗಳು, ಅಂದರೆ ಹುತ್ತರಿಯಿಂದ ಶಿವರಾತ್ರಿವರೆಗೆ. ಜುಲೈ-ಆಗಸ್ಟಿನ ಜಡಿಮಳೆಯ ಕಕ್ಕಡ ತಿಂಗಳಲ್ಲಿ ಟ್ರಂಕು ಸಿಕ್ಕರೆ ಫೋಟೋ ತೆಗೆದು, ಬಟ್ಟೆಗಳನ್ನು ಗಾಳಿ ಆಡುವ ಒಣ ಕೋಣೆಯಲ್ಲಿ ಬಿಡಿಬಿಡಿಯಾಗಿ ಹರಡಿ ಕಾಯಿರಿ. ಬೇರೇನೂ ಮಾಡಬೇಡಿ.

ಬಿಸಿಲಿಗೆ ಹಾಕಬೇಡಿ. ಕಣದಲ್ಲಿ ಕಾಫಿ ಹರಡಿದ ಪಕ್ಕದಲ್ಲೇ ಸ್ಕಾರ್ಫ್ ಹರಡಿದ ಫೋಟೋ ನೋಡಿದ್ದೇನೆ. ಒಂದೇ ದಿನದಲ್ಲಿ ಒಣಗುತ್ತದೆ ನಿಜ, ಆದರೆ ಹಳೆಯ ಬಣ್ಣಗಳು ನಮ್ಮ ಫೆಬ್ರವರಿ ಬಿಸಿಲನ್ನು ತಡೆಯುವುದಿಲ್ಲ. ನೆರಳು, ಗಾಳಿ, ನಾಲ್ಕೈದು ದಿನ. ತೇವಾಂಶದ ಮೀಟರ್ ಶೇಕಡಾ 55ರ ಕೆಳಗೆ ತೋರಿಸುವ ಕೋಣೆ ಆದರೆ ಸಾಕು. 65 ದಾಟಿ ದಿನಗಟ್ಟಲೆ ನಿಂತರೆ ಬೂಸ್ಟು ಏಳುತ್ತದೆ ಅಂತಲೇ ತಿಳಿಯಿರಿ. ಮಳೆಗಾಲದಲ್ಲಿ ಮಡಿಕೇರಿ, ಭಾಗಮಂಡಲ ಕಡೆಯ ಮನೆಗಳ ಒಳಗೆ ಇದು ಸುಲಭವಾಗಿ 80ರ ಮೇಲೆ ಹೋಗುತ್ತದೆ.

ಬೂಸ್ಟು ಹಸಿಯಾಗಿರುವಾಗ ಮುಟ್ಟಿದರೆ ಬಟ್ಟೆಗೆ ಮೆತ್ತಿಕೊಳ್ಳುತ್ತದೆ. ಪೂರ್ತಿ ಒಣಗಿ ಪುಡಿಯಾದ ಮೇಲೆ, ಮನೆ ಹೊರಗೆ, ಮಾಸ್ಕ್ ಹಾಕಿಕೊಂಡು, ಬ್ರಷ್‌ನಿಂದ ನಿಮ್ಮಿಂದ ಆಚೆಗೆ ಗುಡಿಸಿ. ದಮ್ಮು, ಅಲರ್ಜಿ ಇರುವವರು ಈ ಕೆಲಸ ಬೇರೆಯವರಿಗೆ ಬಿಡಿ. ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟ ಟ್ರಂಕುಗಳಲ್ಲಿ ಬೂಸ್ಟು ಕಡಿಮೆ, ಹೊಗೆ ಅದನ್ನು ಒಣಗಿಸಿ ಇಟ್ಟಿರುತ್ತದೆ. ಅಲ್ಲಿ ಕಾಟ ಕೊಡುವುದು ಕಿಟ್ಟ, ಅಂದರೆ ಹೊಗೆಯ ಮಸಿ. ಅದನ್ನೂ ಒಣ ಬ್ರಷ್‌ನಿಂದಲೇ ತೆಗೆಯಿರಿ, ಒದ್ದೆ ಬಟ್ಟೆ ತಾಗಿಸಿದರೆ ಕಪ್ಪು ಕಲೆ ಕೂತುಬಿಡುತ್ತದೆ.

ಉಣ್ಣೆ ಜರ್ಸಿ, ಉಣ್ಣೆ ಬಟ್ಟೆ ಮೇಲಿನ ಬ್ಯಾಡ್ಜ್ ಇದ್ದರೆ ಸಣ್ಣ ತೂತುಗಳು, ಅಕ್ಕಿ ನುಚ್ಚಿನ ಹಾಗೆ ಉದುರಿದ ಪುಡಿ, ಬಲೆಯಂಥ ಎಳೆ ಇವೆಯಾ ನೋಡಿ. ಇದ್ದರೆ ಹುಳ ಇನ್ನೂ ಒಳಗಿರಬಹುದು. ಚೆನ್ನಾಗಿ ಒಣಗಿದ ಬಟ್ಟೆಯನ್ನು ಪಾಲಿಥಿನ್ ಕವರಿನಲ್ಲಿ ಗಾಳಿ ತೆಗೆದು ಬಿಗಿಯಾಗಿ ಕಟ್ಟಿ, ಫ್ರಿಜ್ಜಿನ ಫ್ರೀಜರಿನಲ್ಲಿ ಎರಡು ವಾರ ಇಡಿ. ಹೊರಗೆ ತೆಗೆದ ಮೇಲೆ ಒಂದು ಪೂರ್ತಿ ದಿನ ಕವರ್ ಬಿಚ್ಚಬೇಡಿ. ಬಿಚ್ಚಿದರೆ ತಣ್ಣಗಿರುವ ಬಟ್ಟೆ ಮೇಲೆ ನೀರು ಕೂರುತ್ತದೆ. ಕರೆಂಟ್ ಹೋಗಿ ಬರುವ ಜೂನ್, ಜುಲೈಯಲ್ಲಿ ಇದನ್ನು ಮಾಡಬೇಡಿ, ಫ್ರೀಜರ್ ಕರಗಿದರೆ ಹುಳ ಸಾಯುವುದಿಲ್ಲ. ಎನಾಮೆಲ್, ಚರ್ಮ, ಮರದ ಮಣಿ ಫ್ರೀಜರಿಗೆ ಬೇಡ.

ಹಂತ 3: ತೊಳೆಯಬೇಡಿ

ಇಷ್ಟೇ ಬರೆದು ಮುಂದೆ ಹೋಗಬಹುದಿತ್ತು, ಆದರೆ ಜಾಸ್ತಿ ಜನ ಎಡವುವುದು ಇಲ್ಲೇ. ಹಾಗಾಗಿ ಕಾರಣ ಹೇಳುತ್ತೇನೆ.

ಒಂದು, ಹಳೆಯ ನೂಲಿನ ಕೆಂಪು ಮತ್ತು ನೇರಳೆ ಬಣ್ಣ ನೀರಿಗೆ ಬಿದ್ದರೆ ಪಕ್ಕದ ಬಿಳಿ ನೂಲಿಗೆ ಇಳಿಯಬಹುದು. ವಿಶ್ವ ಸ್ಕೌಟ್ ಬ್ಯಾಡ್ಜ್ ಇರುವುದೇ ನೇರಳೆ ಮೇಲೆ ಬಿಳಿ. ಇಳಿದ ಬಣ್ಣವನ್ನು ವಾಪಸ್ ತೆಗೆಯಲು ಮನೆಯಲ್ಲಿ ಸಾಧ್ಯವಿಲ್ಲ. ಎರಡು, ಬ್ಯಾಡ್ಜಿನ ಹಿಂದೆ ಗಂಜಿ ಹಾಕಿದ ಬಟ್ಟೆ ಇರುತ್ತದೆ. ಅದು ಕರಗಿದರೆ ಬ್ಯಾಡ್ಜ್ ಸೊಟ್ಟಗಾಗುತ್ತದೆ. ಮೂರನೆಯದು ತುಂಬ ಜನಕ್ಕೆ ಗೊತ್ತಿಲ್ಲ. ಈಗಿನ ಸೋಪಿನ ಪುಡಿಯಲ್ಲಿ ಬಟ್ಟೆ ಬೆಳ್ಳಗೆ ಕಾಣಲಿ ಅಂತ ಹೊಳಪಿನ ರಾಸಾಯನಿಕ ಸೇರಿಸಿರುತ್ತಾರೆ. ನೇರಳೆ ಟಾರ್ಚಿನಲ್ಲಿ ಅದು ನೀಲಿಯಾಗಿ ಹೊಳೆಯುತ್ತದೆ. ಸಂಗ್ರಹಕಾರರು ಹಳೆಯದು, ಹೊಸ ನಕಲು ಅಂತ ಬೇರೆ ಮಾಡುವುದೂ ಇದೇ ಟಾರ್ಚಿನಿಂದ. ನಿಮ್ಮ ಅಜ್ಜನ ನಿಜವಾದ ಬ್ಯಾಡ್ಜನ್ನು ನೀವೇ ಸೋಪಿನಲ್ಲಿ ಅದ್ದಿ ನಕಲಿನ ಹಾಗೆ ಹೊಳೆಯುವಂತೆ ಮಾಡಿದರೆ ಆಮೇಲೆ ಯಾರಿಗೆ ಏನಂತ ಹೇಳುತ್ತೀರಿ?

ಹಿತ್ತಾಳೆಗೆ ಹುಣಸೆಹಣ್ಣು, ನಿಂಬೆ, ಪಾಲಿಶ್ ಯಾವುದೂ ಬೇಡ. ಹಳೆಯ ಲೋಹದ ಮೇಲಿನ ಕಂದು ಬಣ್ಣ ಕೊಳೆಯಲ್ಲ, ಅದೇ ಅದರ ವಯಸ್ಸು. ತಿಕ್ಕಿದರೆ ಅಕ್ಷರದ ಅಂಚು ಸವೆಯುತ್ತದೆ, ಎನಾಮೆಲ್ ಬಿರುಕು ಬಿಡುತ್ತದೆ. ಹಸಿರು ಪುಡಿಯಂಥ ಕಿಲುಬು ಮಾತ್ರ ಬೇರೆ, ಅದು ಹರಡುತ್ತದೆ. ಬಿದಿರಿನ ಹಲ್ಲುಕಡ್ಡಿಯ ತುದಿಯಿಂದ ಮೆಲ್ಲಗೆ ಕೆರೆದು ತೆಗೆದು, ಆ ಬ್ಯಾಡ್ಜನ್ನು ಉಳಿದವುಗಳಿಂದ ದೂರ ಇಡಿ.

ತುಕ್ಕು ಹಿಡಿದ ಸೇಫ್ಟಿ ಪಿನ್, ಜೆಮ್ ಕ್ಲಿಪ್, ಸ್ಟೇಪಲ್ ಇದ್ದರೆ ಈಗಲೇ ತೆಗೆಯಿರಿ. ಎಳೆಯಬೇಡಿ, ಬಟ್ಟೆಗೆ ಅಂಟಿದ್ದರೆ ಸಣ್ಣ ಕಟಿಂಗ್ ಪ್ಲೇಯರಿನಿಂದ ಪಿನ್ನನ್ನೇ ಕತ್ತರಿಸಿ. ಆದರೆ ಶರ್ಟಿಗೆ ಹೊಲಿದಿರುವ ಬ್ಯಾಡ್ಜುಗಳನ್ನು ಬಿಚ್ಚಬೇಡಿ. ಬ್ಯಾಡ್ಜ್‌ಗಳು ಕೂತ ಜಾಗದ ಸಮೇತ ಪೂರ್ತಿ ಯೂನಿಫಾರ್ಮ್ ಸಿಕ್ಕರೆ ಅದರಿಂದ ತಿಳಿಯುವುದು ಬಿಡಿ ಬ್ಯಾಡ್ಜ್‌ಗಳಿಂದ ತಿಳಿಯುವುದಕ್ಕಿಂತ ತುಂಬ ಜಾಸ್ತಿ.

ಹಂತ 4: ಬ್ಯಾಡ್ಜನ್ನು ಓದುವುದು

ಗುಂಪಿಗೆ ಹಾಕಿ ಕೇಳುವ ಮುಂಚೆ ನೀವೇ ಒಂದು ಸುತ್ತು ನೋಡಿ. ಅರ್ಧದಷ್ಟು ಉತ್ತರ ನಿಮಗೇ ಸಿಗುತ್ತದೆ, ಮೋಸ ಹೋಗುವುದೂ ಕಡಿಮೆಯಾಗುತ್ತದೆ.

ಮೊದಲು ಲಾಂಛನ. ಮೂರು ಎಸಳಿನ ಹೂವಿನ ಮೇಲೆ ಗೈಡ್‌ಗಳ (ಹುಡುಗಿಯರ ವಿಭಾಗದ) ಮೂರೆಲೆ, ನಡುವೆ ಅಶೋಕ ಚಕ್ರ ಇದ್ದರೆ ಅದು ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್‌ನದು. ಈ ಸಂಸ್ಥೆ ಆಗಿದ್ದು 1950ರ ನವೆಂಬರ್ 7ರಂದು, ಗೈಡ್ಸ್ ಸೇರಿದ್ದು 1951ರ ಆಗಸ್ಟ್ 15ರಂದು. ಹಾಗಾಗಿ ಈ ಲಾಂಛನದ ಬ್ಯಾಡ್ಜನ್ನು ಯಾರಾದರೂ "ಬ್ರಿಟಿಷರ ಕಾಲದ್ದು" ಅಂತ ಮಾರಲು ಬಂದರೆ ಅಲ್ಲಿಗೇ ಮಾತು ಮುಗಿಸಿ. ನೇರಳೆ ಮೇಲೆ ಬಿಳಿ ಹೂವು, ಸುತ್ತ ಹಗ್ಗ, ಹಗ್ಗದ ಕೆಳಗೆ ರೀಫ್ ಗಂಟು ಇದ್ದರೆ ಅದು ವಿಶ್ವ ಸ್ಕೌಟ್ ಬ್ಯಾಡ್ಜ್. ಅದನ್ನು ಎಲ್ಲ ದೇಶದವರೂ ಹಾಕುತ್ತಾರೆ, ಅಪರೂಪವಲ್ಲ.

ಕಿರೀಟ ಇದ್ದರೆ ಭೂತಗನ್ನಡಿ ಹಿಡಿಯಿರಿ. ನಮ್ಮಲ್ಲಿ ಸೈನ್ಯದಲ್ಲಿದ್ದವರ ಮನೆಗಳು ಜಾಸ್ತಿ, ಮೆಡಲ್ ನೋಡಿ ಅಭ್ಯಾಸ ಇರುವವರಿಗೆ ಇದು ತಕ್ಷಣ ತಿಳಿಯುತ್ತದೆ. ಕಿರೀಟದ ಮೇಲ್ಭಾಗ ಗುಂಡಗೆ ಉಬ್ಬಿದ್ದರೆ ರಾಜರ ಕಾಲದ್ದು, ಅಂದರೆ 1952ಕ್ಕೂ ಹಿಂದಿನ ವಿನ್ಯಾಸ (2022ರ ನಂತರ ರಾಜ ಚಾರ್ಲ್ಸ್ ಕಾಲದಲ್ಲೂ ಇಂಥದ್ದೇ ಮತ್ತೆ ಬಂದಿದೆ). ನಡುವೆ ತಗ್ಗಿ ಎರಡು ಭುಜದ ಹಾಗೆ ಕಂಡರೆ ರಾಣಿ ಎಲಿಜಬೆತ್ ಕಾಲದ್ದು.

ಆಮೇಲೆ ಹೆಸರುಗಳು. ನಮ್ಮ ಜಿಲ್ಲೆಯವರಿಗೆ ಇಲ್ಲಿ ಒಂದು ಅನುಕೂಲ ಇದೆ. ಕೊಡಗು ಪ್ರತ್ಯೇಕ ರಾಜ್ಯವಾಗಿದ್ದು 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು, ಆ ರಾಜ್ಯ ಕರ್ನಾಟಕ ಆಗಿದ್ದು 1973ರ ನವೆಂಬರ್ 1ರಂದು. ಸರ್ಟಿಫಿಕೇಟಿನ ಮೇಲೆ "ಮೈಸೂರು ರಾಜ್ಯ, ಕೊಡಗು ಜಿಲ್ಲೆ" ಅಂತ ಇದ್ದರೆ ಈ ಹದಿನೇಳು ವರ್ಷದ ಒಳಗಿನದು. ಆದರೆ ಬರೀ "ಕೂರ್ಗ್" ಅಂತ ಇಂಗ್ಲಿಷಿನಲ್ಲಿ ಇದ್ದ ಮಾತ್ರಕ್ಕೆ 1956ಕ್ಕೂ ಹಿಂದಿನದು ಅನ್ನಬೇಡಿ. ಆ ಹೆಸರನ್ನು ಇವತ್ತಿಗೂ ಬಳಸುತ್ತಾರೆ ಅಲ್ವಾ? ಹಾಗೇ ಮಡಿಕೇರಿಯ ಹಳೆಯ ಇಂಗ್ಲಿಷ್ ಹೆಸರು "ಮರ್ಕೆರ" ಅಂತ ಇದ್ದರೂ ಅದು ಸುಳಿವು ಅಷ್ಟೇ.

ಕಾಗದ, ಕವರ್ ಇದ್ದರೆ ವಿಳಾಸ ನೋಡಿ. ಆರು ಅಂಕಿಯ ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ 15ರ ನಂತರದ್ದು. ಶಿಬಿರದ ರಸೀದಿಯಲ್ಲಿ ಆಣೆ ಲೆಕ್ಕ ಇದ್ದರೆ 1957ರ ಏಪ್ರಿಲ್‌ಗೆ ಮೊದಲಿನದು ಇರಬಹುದು. "ನಯೇ ಪೈಸೆ" ಅಂತ ಇದ್ದರೆ 1957ರಿಂದ 1964ರ ಆಸುಪಾಸು.

ಈಗ ತಿರುಗಿಸಿ. ಸಂಗ್ರಹಕಾರರು ಮುಂಭಾಗಕ್ಕಿಂತ ಹಿಂಭಾಗವನ್ನೇ ಜಾಸ್ತಿ ನೋಡುತ್ತಾರೆ. ಬರೀ ನೂಲಿನ ಗಂಟುಗಳು ಕಾಣುತ್ತಿವೆಯಾ, ತೆಳು ಜಾಲರಿ ಬಟ್ಟೆ ಇದೆಯಾ, ಪ್ಲಾಸ್ಟಿಕ್ ಪದರ ಇದೆಯಾ ನೋಡಿ. ಅಮೆರಿಕದ ಸ್ಕೌಟ್ ಬ್ಯಾಡ್ಜುಗಳಲ್ಲಿ ಪ್ಲಾಸ್ಟಿಕ್ ಹಿಂಬದಿ ಸಾಮಾನ್ಯವಾಗಿದ್ದು 1970ರ ದಶಕದಿಂದ. 1935ರದ್ದು ಅಂತ ಹೇಳುವ ಬ್ಯಾಡ್ಜಿನ ಬೆನ್ನಿಗೆ ಪ್ಲಾಸ್ಟಿಕ್ ಇದ್ದರೆ ಬೇರೆ ಪರೀಕ್ಷೆ ಬೇಡ. ಅಂಚನ್ನೂ ನೋಡಿ: ಬಟ್ಟೆ ಕತ್ತರಿಸಿ ಬಿಟ್ಟಿದ್ದಾರಾ, ದಪ್ಪ ನೂಲಿನಿಂದ ಸುತ್ತಲೂ ಸುತ್ತಿ ಹೊಲಿದಿದ್ದಾರಾ.

ಕೊನೆಗೆ ನೇರಳೆ ಟಾರ್ಚ್, ಕತ್ತಲೆ ಕೋಣೆಯಲ್ಲಿ. ಬಿಳಿ ನೂಲು ಜೋರಾಗಿ ನೀಲಿ ಹೊಳೆದರೆ, ಅದು 1950ರ ದಶಕದಿಂದ ಈಚೆಗೆ ಬಳಕೆಗೆ ಬಂದ ಬಗೆಯ ನೂಲು ಇರಬಹುದು, ಇಲ್ಲವೇ ಯಾರೋ ಸೋಪಿನಲ್ಲಿ ಒಗೆದಿರಬಹುದು. ಹೊಳೆಯದಿದ್ದರೆ ಹಳೆಯದು ಅಂತ ಖಾತ್ರಿಯೂ ಇಲ್ಲ. ಈ ಒಂದೇ ಪರೀಕ್ಷೆ ನಂಬಿ ದುಡ್ಡು ಕೊಡಬೇಡಿ.

ಇತ್ತೀಚಿನವು ಅಂತ ತಾತ್ಸಾರ ಬೇಡ. 2016-17ರಲ್ಲಿ ಮೈಸೂರಿನ ಹತ್ತಿರ ನಡೆದ ರಾಷ್ಟ್ರೀಯ ಜಾಂಬೂರಿ (ಸ್ಕೌಟ್, ಗೈಡ್‌ಗಳ ದೊಡ್ಡ ಸಮಾವೇಶ), 2022ರ ಡಿಸೆಂಬರಿನಲ್ಲಿ ಮೂಡುಬಿದಿರೆಯಲ್ಲಿ ನಡೆದ ಅಂತರರಾಷ್ಟ್ರೀಯ ಸಾಂಸ್ಕೃತಿಕ ಜಾಂಬೂರಿಗೆ ನಿಮ್ಮ ಮನೆ ಮಕ್ಕಳು ಹೋಗಿದ್ದರೆ ಆ ಸ್ಕಾರ್ಫ್, ಐಡಿ ಕಾರ್ಡ್, ಬ್ಯಾಡ್ಜ್ ಎಲ್ಲವನ್ನೂ ಈಗಲೇ ಒಟ್ಟಿಗೆ ತೆಗೆದಿಡಿ.

ಹಂತ 5: ಗುಂಪಿಗೆ ಹಾಕಲು ಫೋಟೋ

ಮೋಡ ಕವಿದ ದಿನ, ಕಿಟಕಿ ಪಕ್ಕ, ಫ್ಲ್ಯಾಷ್ ಇಲ್ಲದೆ. ನಮ್ಮಲ್ಲಿ ಇಂಥ ಬೆಳಕಿಗೆ ಬರವಿಲ್ಲ. ಬೂದು ಅಥವಾ ಬಿಳಿ ಕಾಗದದ ಮೇಲೆ ಬ್ಯಾಡ್ಜ್ ಇಟ್ಟು, ಪಕ್ಕದಲ್ಲಿ ಸ್ಕೇಲ್ ಇಟ್ಟು, ನೇರ ಮೇಲಿನಿಂದ. ಮುಂದೆ ಒಂದು, ಹಿಂದೆ ಒಂದು, ಅಂಚಿನದು ಒಂದು. ಫಿಲ್ಟರ್ ಬೇಡ. ತೂತು, ಕಲೆ, ಬಿಟ್ಟ ನೂಲು ಇದ್ದರೆ ಅದರದ್ದೇ ಹತ್ತಿರದ ಫೋಟೋ ಹಾಕಿ, ಮುಚ್ಚಿಡಬೇಡಿ.

ಸರ್ಟಿಫಿಕೇಟ್, ಪ್ರಗತಿ ಪುಸ್ತಕದ ಫೋಟೋ ಹಾಕುವಾಗ ವಿಳಾಸ, ಹುಟ್ಟಿದ ದಿನಾಂಕ, ಸಹಿಯನ್ನು ಕಾಗದದ ತುಂಡಿನಿಂದ ಮುಚ್ಚಿ ತೆಗೆಯಿರಿ. ಗುಂಪು ಫೋಟೋದಲ್ಲಿ ಇರುವ ಬೇರೆಯವರ ಹೆಸರುಗಳನ್ನೂ ಹಾಕಬೇಡಿ. ಒಳ್ಳೆಯ ರೆಸಲ್ಯೂಷನ್ ಇರುವ ಮೂಲ ಫೋಟೋ ನಿಮ್ಮ ಹತ್ತಿರ ಇರಲಿ, ಗುಂಪಿಗೆ ಸಣ್ಣದು ಸಾಕು. ಫೋಟೋ ಕದ್ದು ತಮ್ಮದು ಅಂತ ಮಾರಾಟಕ್ಕೆ ಹಾಕುವವರು ಇದ್ದಾರೆ.

ಹಂತ 6: ಗುಂಪಿಗೆ ಸೇರುವುದು, ಮೊದಲ ಮಾತು

ಸ್ಕೌಟ್ ವಸ್ತುಗಳ ಸಂಗ್ರಹಕಾರರಿಗೆ ಹಲವು ದೇಶಗಳಲ್ಲಿ ಸಂಘಗಳೇ ಇವೆ. ಅಮೆರಿಕದಲ್ಲಿ ಇಂಟರ್‌ನ್ಯಾಷನಲ್ ಸ್ಕೌಟಿಂಗ್ ಕಲೆಕ್ಟರ್ಸ್ ಅಸೋಸಿಯೇಷನ್ ಇದೆ. ಅಂಚೆಚೀಟಿ, ಕವರ್ ಬಗ್ಗೆ ಆಸಕ್ತಿ ಇದ್ದರೆ ಬ್ರಿಟನ್ನಿನ ಸ್ಕೌಟ್ ಅಂಡ್ ಗೈಡ್ ಸ್ಟ್ಯಾಂಪ್ಸ್ ಕ್ಲಬ್ ಇದೆ. ಫೇಸ್‌ಬುಕ್ಕಿನಲ್ಲಿ ದೇಶವಾರು, ವಸ್ತುವಾರು ವಿನಿಮಯದ ಗುಂಪುಗಳಿವೆ. ಒಂದೋ ಎರಡೋ ಗುಂಪಿಗೆ ಸೇರಿ, ಹತ್ತಕ್ಕಲ್ಲ.

ಸೇರಿದ ಮೇಲೆ ಎರಡು ವಾರ ಸುಮ್ನೆ ಓದಿ. ನಿಯಮಗಳು ಮೇಲೆ ಅಂಟಿಸಿರುತ್ತವೆ. ಕೆಲವು ಗುಂಪುಗಳಲ್ಲಿ ಮಾರಾಟವೇ ಇಲ್ಲ, ವಿನಿಮಯ ಮಾತ್ರ. ಕೆಲವದರಲ್ಲಿ ಬೆಲೆ ಹಾಕದೆ ಮಾರಾಟಕ್ಕೆ ಹಾಕಿದರೆ ತೆಗೆದುಹಾಕುತ್ತಾರೆ. ಯಾರ ಮಾತಿಗೆ ಉಳಿದವರು ಬೆಲೆ ಕೊಡುತ್ತಾರೆ, ಯಾರ ಬಗ್ಗೆ ದೂರು ಬರುತ್ತದೆ ಅನ್ನುವುದು ಎರಡು ವಾರದಲ್ಲಿ ಗೊತ್ತಾಗುತ್ತದೆ.

ಮೊದಲ ಪೋಸ್ಟಿನಲ್ಲಿ ಬೆಲೆ ಕೇಳಬೇಡಿ. ಬೆಲೆ ಕೇಳಿದ ಕ್ಷಣವೇ "ಇವರಿಗೆ ಏನೂ ಗೊತ್ತಿಲ್ಲ, ಮಾರಲು ಆತುರ ಇದೆ" ಅಂತ ಓದಿಕೊಳ್ಳುವವರು ಕಾದಿರುತ್ತಾರೆ. ಬದಲಿಗೆ ಇಷ್ಟು ಬರೆಯಿರಿ: ಯಾರಿಂದ ಬಂತು, ಯಾವ ಊರು, ಸುಮಾರು ಯಾವ ವರ್ಷ, ಅಗಲ ಎತ್ತರ ಎಷ್ಟು ಮಿಲಿಮೀಟರ್, ಹಿಂಭಾಗ ಹೇಗಿದೆ, ನೀವು ಏನಂದುಕೊಂಡಿದ್ದೀರಿ ಮತ್ತು ಯಾಕೆ. ಕೊನೆಗೆ "ಮಾರಾಟಕ್ಕಿಲ್ಲ, ಗುರುತಿಸಲು ಸಹಾಯ ಬೇಕು" ಅಂತ. ನೀವು ಹಂತ 4ರಲ್ಲಿ ನೋಡಿದ್ದನ್ನು ಬರೆದರೆ ಹಿರಿಯ ಸಂಗ್ರಹಕಾರರು ಖುಷಿಯಿಂದ ಉದ್ದುದ್ದ ಉತ್ತರ ಕೊಡುತ್ತಾರೆ. ಇಂಗ್ಲಿಷ್ ಚೆನ್ನಾಗಿಲ್ಲ ಅಂತ ಹಿಂಜರಿಯಬೇಡಿ, ಜಪಾನಿನವರು, ಪೋಲೆಂಡಿನವರು ಎಲ್ಲ ಇರುವ ಜಾಗ ಅದು. ಸಣ್ಣ ವಾಕ್ಯ ಸಾಕು.

ಒಬ್ಬರ ಉತ್ತರಕ್ಕೇ ನಿಲ್ಲಬೇಡಿ. ಇಬ್ಬರು ಬೇರೆ ಬೇರೆಯವರು ಕಾರಣ ಸಮೇತ ಒಂದೇ ಮಾತು ಹೇಳುವವರೆಗೆ ನೋಟ್‌ಬುಕ್ಕಿನಲ್ಲಿ ಪ್ರಶ್ನೆ ಚಿಹ್ನೆ ಹಾಗೇ ಇರಲಿ. ಬೆಲೆ ತಿಳಿಯಲೇಬೇಕಾದರೆ ಇಬೇಯಂಥ ಆನ್‌ಲೈನ್ ಮಾರಾಟದ ತಾಣದಲ್ಲಿ ಈಗಾಗಲೇ ಮಾರಾಟವಾದವುಗಳನ್ನು ಮಾತ್ರ ತೋರಿಸುವ ಆಯ್ಕೆ ಹಾಕಿ ನೋಡಿ. ಕೇಳುತ್ತಿರುವ ಬೆಲೆ ಬೇರೆ, ಕೊಟ್ಟ ಬೆಲೆ ಬೇರೆ.

ಹಂತ 7: ವಿನಿಮಯ

ಮನೆಯ ಹಿರಿಯರದ್ದನ್ನು ವಿನಿಮಯಕ್ಕೆ ಇಡಬೇಡಿ. ಎರಡೆರಡು ಇರುವವು, ನೀವೇ ಇತ್ತೀಚಿನ ಶಿಬಿರಗಳಲ್ಲಿ ಕೂಡಿಸಿದವು, ಅವುಗಳಿಂದ ಶುರು ಮಾಡಿ. ಮೊದಲ ಮೂರು ನಾಲ್ಕು ವಿನಿಮಯ ಸಣ್ಣವೇ ಇರಲಿ. ಕಳೆದುಹೋದರೂ ನಿದ್ದೆ ಕೆಡಬಾರದು.

ಏನಕ್ಕೆ ಏನು, ಯಾವ ಸ್ಥಿತಿಯದ್ದು, ಅಂಚೆ ಖರ್ಚು ಯಾರದು, ಯಾವ ದಿನ ಕಳಿಸುವುದು, ಎಲ್ಲವನ್ನೂ ಬರಹದಲ್ಲೇ ಒಪ್ಪಿಕೊಳ್ಳಿ. ಫೋನ್ ಮಾತು ಲೆಕ್ಕಕ್ಕಿಲ್ಲ. ಎದುರಿನವರ ಬ್ಯಾಡ್ಜ್ ಪಕ್ಕದಲ್ಲಿ ನಿಮ್ಮ ಹೆಸರು ಮತ್ತು ಅವತ್ತಿನ ತಾರೀಖು ಬರೆದ ಚೀಟಿ ಇಟ್ಟು ಫೋಟೋ ಕಳಿಸಲು ಕೇಳಿ. ನಿಜವಾಗಿ ಇರುವವರು ಐದು ನಿಮಿಷದಲ್ಲಿ ಕಳಿಸುತ್ತಾರೆ. ಕದ್ದ ಫೋಟೋ ಇಟ್ಟುಕೊಂಡವರು ನೂರು ನೆಪ ಹೇಳುತ್ತಾರೆ. ಇಬ್ಬರೂ ಒಂದೇ ದಿನ ಕಳಿಸಿ ಟ್ರ್ಯಾಕಿಂಗ್ ನಂಬರ್ ಹಂಚಿಕೊಳ್ಳುವುದು ಒಳ್ಳೆಯ ಪದ್ಧತಿ. ಹಳೆಯ, ಹೆಸರಿರುವ ಸದಸ್ಯರ ಜೊತೆಗಾದರೆ ಹೊಸಬರು ಮೊದಲು ಕಳಿಸುವ ರೂಢಿ ಹಲವು ಕಡೆ ಇದೆ. ಅದರಲ್ಲಿ ಅವಮಾನ ಏನಿಲ್ಲ, ಆದರೆ ಅವರ ಹಿಂದಿನ ವಿನಿಮಯಗಳನ್ನು ನೋಡಿಯೇ ಒಪ್ಪಿ.

ಅಪಾಯದ ಗುರುತುಗಳು ಇವು. ಪೋಸ್ಟ್ ಹಾಕಿದ ಹತ್ತು ನಿಮಿಷದಲ್ಲಿ ಖಾಸಗಿ ಸಂದೇಶ, ಕೇಳಿದ್ದಕ್ಕಿಂತ ಜಾಸ್ತಿ ಬೆಲೆ, ಇವತ್ತೇ ಮುಗಿಸಬೇಕು ಅನ್ನುವ ಅವಸರ. ದುಡ್ಡು "ಕಳಿಸಲು" ಕ್ಯೂಆರ್ ಕೋಡ್ ಕೊಟ್ಟು ಸ್ಕ್ಯಾನ್ ಮಾಡಿ ಅನ್ನುವುದು. ಯುಪಿಐಯಲ್ಲಿ ದುಡ್ಡು ಬರಲು ಪಿನ್ ಒತ್ತುವ ಅಗತ್ಯವೇ ಇಲ್ಲ, ಪಿನ್ ಒತ್ತಿದರೆ ದುಡ್ಡು ಹೋಗುತ್ತದೆ. ಇನ್ನೊಂದು, ನಮ್ಮ ಜಿಲ್ಲೆಯವರಿಗೆ ವಿಶೇಷವಾಗಿ ಹೇಳಬೇಕು. "ನಾನು ಸೈನ್ಯದಲ್ಲಿದ್ದೇನೆ, ಗಡಿಯಲ್ಲಿದ್ದೇನೆ, ನನ್ನ ಕಡೆಯವರು ಬಂದು ತಗೊಳ್ತಾರೆ" ಅಂತ ಯೂನಿಫಾರ್ಮ್ ಫೋಟೋ, ಐಡಿ ಕಾರ್ಡ್ ಕಳಿಸಿ ನಂಬಿಸುವ ಮೋಸ ದೇಶದಲ್ಲೆಲ್ಲ ನಡೆಯುತ್ತಿದೆ. ಮನೆಗೊಬ್ಬರು ಸೈನ್ಯಕ್ಕೆ ಹೋದ ಊರು ನಮ್ಮದು, ಆ ಮಾತು ಕೇಳಿದ ಕೂಡಲೇ ನಮಗೆ ಅನುಮಾನವೇ ಬರುವುದಿಲ್ಲ. ಅದಕ್ಕೇ ಜಾಸ್ತಿ ಹುಷಾರಾಗಿರಿ. ದುಡ್ಡು ಹೋಗಿಬಿಟ್ಟರೆ ನಾಚಿಕೊಂಡು ಕೂರದೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಎಷ್ಟು ಬೇಗ ಹೇಳಿದರೆ ಅಷ್ಟು ಒಳ್ಳೆಯದು.

ಮಕ್ಕಳ ವಿಷಯ. ಜಾಂಬೂರಿಗಳಲ್ಲಿ ಮಕ್ಕಳು ಮಕ್ಕಳ ಜೊತೆ, ದೊಡ್ಡವರು ದೊಡ್ಡವರ ಜೊತೆ ಬ್ಯಾಡ್ಜ್ ಬದಲಾಯಿಸುವುದು ಒಳ್ಳೆಯ ಪದ್ಧತಿ. ಆನ್‌ಲೈನಿನಲ್ಲೂ ಅದನ್ನೇ ಪಾಲಿಸಿ. ಹದಿನೆಂಟು ತುಂಬದ ಮಕ್ಕಳ ಪರವಾಗಿ ಅಪ್ಪ ಅಮ್ಮನೇ ಮಾತಾಡಲಿ. ಮಗುವಿನ ಮುಖ, ಶಾಲೆ ಹೆಸರು, ಮನೆ ವಿಳಾಸ ಗುಂಪಿಗೆ ಹೋಗುವುದು ಬೇಡ. ಮತ್ತು ದುಡಿದು ಪಡೆಯಬೇಕಾದ ರಾಜ್ಯ ಪುರಸ್ಕಾರ, ರಾಷ್ಟ್ರಪತಿ ಬ್ಯಾಡ್ಜುಗಳನ್ನು ಸಂಗ್ರಹಿಸಿದರೂ ಅವನ್ನು ಯೂನಿಫಾರ್ಮಿಗೆ ಚುಚ್ಚಿಕೊಳ್ಳಬೇಡಿ. ಅದನ್ನು ಪಡೆಯಲು ವರ್ಷಗಟ್ಟಲೆ ಕಷ್ಟಪಟ್ಟ ಹುಡುಗರು, ಹುಡುಗಿಯರು ನಮ್ಮ ನಡುವೆಯೇ ಇದ್ದಾರೆ.

ಹಂತ 8: ಕಟ್ಟಿ ಕಳಿಸುವುದು

ಬ್ಯಾಡ್ಜ್ ಜಿಪ್ ಕವರಿನೊಳಗೆ, ಕವರ್ ಎರಡು ರಟ್ಟಿನ ನಡುವೆ, ರಟ್ಟು ಮತ್ತೊಂದು ನೀರು ಇಳಿಯದ ಕವರಿನೊಳಗೆ, ಅದು ಹೊರ ಲಕೋಟೆಯೊಳಗೆ. ಟೇಪು ಬ್ಯಾಡ್ಜಿಗೆ ತಾಗಬಾರದು. ಲೋಹದ್ದಾದರೆ ಪಿನ್ನಿನ ಮೊನೆಗೆ ಸಣ್ಣ ಥರ್ಮೋಕೋಲ್ ಚುಚ್ಚಿ. ಒಳಗೊಂದು ಚೀಟಿಯಲ್ಲಿ ಎರಡೂ ವಿಳಾಸ ಬರೆದಿಡಿ, ಮಳೆಗೆ ಹೊರಗಿನ ವಿಳಾಸ ಅಳಿಸಿದರೆ ಅದೇ ಕಾಪಾಡುತ್ತದೆ. ಕಳಿಸುವುದು ಸ್ಪೀಡ್ ಪೋಸ್ಟಿನಲ್ಲೇ, ರಸೀದಿಯ ಫೋಟೋ ತಪ್ಪದೆ ತೆಗೆದುಕೊಳ್ಳಿ.

ಜೂನ್‌ನಿಂದ ಸೆಪ್ಟೆಂಬರ್ ಮಧ್ಯೆ ಬೆಲೆಬಾಳುವುದನ್ನು ಕಳಿಸಬೇಡಿ, ತರಿಸಬೇಡಿ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಮಡಿಕೇರಿ ಸಂಪಾಜೆ ರಸ್ತೆಯೇ ಹೋಗಿದ್ದು ನಮಗೆಲ್ಲ ನೆನಪಿದೆ. ಅಷ್ಟಿಲ್ಲದಿದ್ದರೂ ಒದ್ದೆ ಚೀಲದಲ್ಲಿ ಎರಡು ದಿನ ಕೂತರೆ ಸಾಕು, ಬಟ್ಟೆ ಹಾಳು. ಎದುರಿನವರಿಗೆ "ನಮ್ಮಲ್ಲಿ ಮಳೆ, ಅಕ್ಟೋಬರಿನಲ್ಲಿ ಕಳಿಸುತ್ತೇನೆ" ಅಂದರೆ ಒಳ್ಳೆಯ ಸಂಗ್ರಹಕಾರರು ಕಾಯುತ್ತಾರೆ.

ಹೊರದೇಶಕ್ಕಾದರೆ ಅಂಚೆ ಕಚೇರಿಯಲ್ಲಿ ಕಸ್ಟಮ್ಸ್ ಫಾರಂ ತುಂಬಬೇಕು, ಗುರುತಿನ ಚೀಟಿಯ ಜೆರಾಕ್ಸ್ ಜೊತೆಗಿರಲಿ. ಒಳಗಿರುವುದನ್ನು ಇದ್ದ ಹಾಗೆ ಬರೆಯಿರಿ. ನೂರು ವರ್ಷ ದಾಟಿದ ವಸ್ತು ಅನ್ನುವ ಅನುಮಾನ ಇದ್ದರೆ ದೇಶದ ಹೊರಗೆ ಕಳಿಸಲೇಬೇಡಿ. ಅಷ್ಟು ಹಳೆಯ, ಚರಿತ್ರೆಗೆ ಸಂಬಂಧಪಟ್ಟ ವಸ್ತುಗಳಿಗೆ 1972ರ ಪುರಾತನ ವಸ್ತುಗಳ ಕಾಯ್ದೆ ಅಡ್ಡ ಬರುತ್ತದೆ. ಹಸ್ತಪ್ರತಿಯಂಥ ದಾಖಲೆಗಳಿಗೆ ಅದು 75 ವರ್ಷ.

ಹಂತ 9: ಮಳೆಗಾಲಕ್ಕೆ ಮೊದಲು ಒಳಗಿಡುವುದು

ಮೇ ತಿಂಗಳ ಮಧ್ಯದೊಳಗೆ ಇದು ಮುಗಿಯಬೇಕು. ಚೆನ್ನಾಗಿ ಒಣಗಿದ ವಸ್ತು ಮಾತ್ರ ಡಬ್ಬಿಯೊಳಗೆ. ತೇವ ಇರುವುದನ್ನು ಗಾಳಿಯಾಡದ ಡಬ್ಬಿಗೆ ಹಾಕಿದರೆ ಬೂಸ್ಟಿಗೆ ನೀವೇ ಮನೆ ಕಟ್ಟಿಕೊಟ್ಟ ಹಾಗೆ.

ಬಟ್ಟೆ ಬ್ಯಾಡ್ಜ್‌ಗಳನ್ನು ಪಂಚೆಯ ತುಂಡುಗಳ ನಡುವೆ ಮಲಗಿಸಿ. ಸ್ಕಾರ್ಫ್ ಮಡಿಸದೆ ಸುರುಳಿ ಸುತ್ತಿ, ಮಡಿಕೆ ಇದ್ದಲ್ಲೇ ಬಟ್ಟೆ ಸೀಳುತ್ತದೆ. ಫೋಟೋ ಆಲ್ಬಮ್ಮಿನ ಅಂಟುಹಾಳೆ, ಮೆದುವಾಗಿ ವಾಸನೆ ಬರುವ ಪಿವಿಸಿ ಕವರ್ ಬೇಡ. ಅದು ವರ್ಷ ಕಳೆದಂತೆ ಜಿಗುಟಾಗಿ ಬಣ್ಣ ಹೀರುತ್ತದೆ, ಅದರಿಂದ ಬರುವ ಆಮ್ಲ ಹಿತ್ತಾಳೆಗೆ ಕಿಲುಬು ಹಿಡಿಸುತ್ತದೆ. ಪಾಲಿಪ್ರೊಪಿಲೀನ್ ಅಂತ ಬರೆದಿರುವ ಕವರ್ ಕೇಳಿ ತಗೊಳ್ಳಿ. ಲೋಹ, ಬಟ್ಟೆ, ಚರ್ಮ, ಕಾಗದ ಬೇರೆ ಬೇರೆ ಡಬ್ಬಿಯಲ್ಲಿ. ಗೋಡೆಗೆ ಫ್ರೇಮ್ ಹಾಕಲೇಬೇಕು ಅಂದರೆ ಬಣ್ಣದ ಜೆರಾಕ್ಸ್ ತೆಗೆದು ಅದನ್ನು ಹಾಕಿ, ಮೂಲದ್ದು ಡಬ್ಬಿಯಲ್ಲೇ ಇರಲಿ.

ಪ್ರತಿ ಡಬ್ಬಿಗೂ ತೇವ ಹೀರಿದಾಗ ಬಣ್ಣ ಬದಲಾಗುವ ಸಿಲಿಕಾ ಜೆಲ್ ಹಾಕಿ, ಕಿತ್ತಳೆ ಬಣ್ಣದ್ದು ತಗೊಳ್ಳಿ. ನೀಲಿಯದರಲ್ಲಿ ಕೋಬಾಲ್ಟ್ ಇರುತ್ತದೆ, ಮಕ್ಕಳಿರುವ ಮನೆಗೆ ಅದು ಬೇಡ. ಬಣ್ಣ ತಿರುಗಿದಾಗ ಓವನ್ನಿನಲ್ಲಿ 120 ಡಿಗ್ರಿಗೆ ಎರಡು ಗಂಟೆ ಬಿಸಿ ಮಾಡಿ, ತಣಿಸಿ, ವಾಪಸ್ ಹಾಕಿ. ಮೀಟರನ್ನು ಡಬ್ಬಿಯ ಒಳಗೇ ಇಡಿ, ಪಾರದರ್ಶಕ ಮುಚ್ಚಳ ಆದರೆ ತೆರೆಯದೆ ಓದಬಹುದು. ಡಬ್ಬಿ ನೆಲದ ಮೇಲೂ ಬೇಡ, ಹೊರಗೋಡೆಗೆ ತಾಗಿಸಿಯೂ ಬೇಡ. ಮನೆ ಮಧ್ಯದ ಕೋಣೆಯ ಕಪಾಟು ಒಳ್ಳೆಯದು.

ಜುಲೈಯಲ್ಲಿ ಒಮ್ಮೆ ಮೀಟರ್ ಮಾತ್ರ ನೋಡಿ, 60 ದಾಟಿದ್ದರೆ ಬೇಗ ತೆರೆದು ಜೆಲ್ ಬದಲಿಸಿ ಮುಚ್ಚಿ. ಸೆಪ್ಟೆಂಬರ್ ಮೊದಲ ವಾರದ ಆಯುಧ ಹಬ್ಬ ಕೈಲ್‌ಪೋದ್ ಮುಗಿದು ಬಿಸಿಲು ಬಂದ ಮೇಲೆ ಪೂರ್ತಿ ತೆರೆದು ಒಂದೊಂದನ್ನೂ ತಿರುಗಿಸಿ ನೋಡಿ. ನೋಟ್‌ಬುಕ್ಕಿನ ಎಲ್ಲ ಪುಟಗಳ ಫೋಟೋ ತೆಗೆದು ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಇರುವ ಮನೆಯವರೊಬ್ಬರಿಗೆ ಕಳಿಸಿಡಿ. ಡಬ್ಬಿಯ ಮುಚ್ಚಳದ ಒಳಗೆ ಪೆನ್ಸಿಲಿನಲ್ಲಿ ಒಂದು ಚೀಟಿ ಬರೆದು ಇಡಿ: ಇವು ಯಾರವು, ನೋಟ್‌ಬುಕ್ ಎಲ್ಲಿದೆ, ಮತ್ತು ತೊಳೆಯಬೇಡಿ ಅಂತ.